ಸೀಲಿಯಾಕ್ ಇದ್ದವರಿಗೆ ರಾಗಿ ಸೀಮೆಯ ಅಡುಗೆಮನೆ: ಗೋಧಿ ಎಲ್ಲೆಲ್ಲಿ ಅಡಗಿರುತ್ತದೆ

ಸೀಲಿಯಾಕ್ ಎಂದರೆ ಕೆಲವು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ. ಅದು ಇದೆ ಎಂದು ಖಚಿತವಾದ ಮೇಲೆ ಜೀವನಪೂರ್ತಿ ಬಿಡಬೇಕಾದ ಧಾನ್ಯಗಳು ಮೂರು: ಗೋಧಿ, ಬಾರ್ಲಿ, ರೈ. ರೈ ನಮ್ಮ ಕಡೆ ಅಡುಗೆಗೆ ಬರುವುದೇ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ದಿನದ ಊಟ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಮುದ್ದೆ, ಅನ್ನ, ಬಸ್ಸಾರು, ಉಪ್ಸಾರು, ಹಿತಕಬೇಳೆ ಸಾರು, ಮೊಸರು, ಮೊಟ್ಟೆ, ಮಾಂಸ ಯಾವುದರಲ್ಲೂ ಸ್ವತಃ ಗ್ಲುಟೆನ್ ಇಲ್ಲ. ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಕೊರಲೆಯಲ್ಲೂ ಇಲ್ಲ. ತೊಂದರೆ ಬರುವುದು ರಾಗಿಯಿಂದಲ್ಲ. ಅದನ್ನು ಬೀಸಿದ ಮಿಷನ್‌ನಿಂದ, ಒಗ್ಗರಣೆಯ ಇಂಗಿನಿಂದ, "ಚೂರು ತಿಂದ್ರೆ ಏನಾಗಲ್ಲ" ಎಂಬ ಮಾತಿನಿಂದ.

ಆ ಚೂರಿನ ಲೆಕ್ಕ ಹೀಗಿದೆ. ಒಂದು ಚಪಾತಿಯಲ್ಲಿ ಸುಮಾರು 2ರಿಂದ 3 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ, ಅಂದರೆ ಚಪಾತಿಯ ಐವತ್ತನೇ ಒಂದು ಪಾಲು ಹೊಟ್ಟೆಗೆ ಹೋಗುತ್ತಿದ್ದರೂ ಸಣ್ಣ ಕರುಳಿನ ಒಳಪದರ ಹಾಳಾಗಬಲ್ಲದು. ಹೊಟ್ಟೆನೋವು, ಭೇದಿ ಆಗಲಿಲ್ಲವೆಂದು ಧೈರ್ಯ ಮಾಡಬೇಡಿ. ಎಷ್ಟೋ ಜನರಿಗೆ ಲಕ್ಷಣವೇ ಕಾಣದೆ ಒಳಗೆ ಹಾನಿ ನಡೆಯುತ್ತಿರುತ್ತದೆ, ರಕ್ತಹೀನತೆಯೂ ಮೂಳೆ ಸವೆತವೂ ಆಮೇಲೆ ಗೊತ್ತಾಗುತ್ತವೆ.

ಇನ್ನೂ ಬರೀ ಅನುಮಾನದ ಹಂತದಲ್ಲಿರುವವರು ಗೋಧಿ ಬಿಡಬಾರದು. ಟಿಟಿಜಿ (ಸೀಲಿಯಾಕ್ ಇದ್ದರೆ ರಕ್ತದಲ್ಲಿ ಏರುವ ಪ್ರತಿಕಾಯ) ರಕ್ತಪರೀಕ್ಷೆ ಮತ್ತು ಕರುಳಿನ ಚೂರು ತೆಗೆದು ನೋಡುವ ಎಂಡೋಸ್ಕೋಪಿ ಬಯಾಪ್ಸಿ ಆಗುವ ಮೊದಲೇ ಬಿಟ್ಟರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು.

ಮೊದಲು ಮಿಷನ್ ವಿಷಯ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಹಾಕಿದರೆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆ ಚೀಲದಲ್ಲಿ ಕೂತಿದ್ದ ಗೋಧಿಹಿಟ್ಟು ನಿಮ್ಮ ರಾಗಿಗೆ ಸೇರುತ್ತದೆ. ರಾಗಿಗೆಂದೇ ಬೇರೆ ಮಿಷನ್ ಇಟ್ಟಿರುವ ಗಿರಣಿ ಹುಡುಕಿ. ಅಲ್ಲೂ "ಇದಕ್ಕೆ ಗೋಧಿ ಬೆರೆಸಿದ ರಾಗಿ ಹಾಕ್ತೀರಾ?" ಎಂದು ಕೇಳಿ. ರೊಟ್ಟಿಗೆ, ಮಕ್ಕಳ ಹುರಿಹಿಟ್ಟಿಗೆ ರಾಗಿ ಜೊತೆ ಗೋಧಿ ಬೆರೆಸಿ ಬೀಸಿಸುವವರು ಇದ್ದೇ ಇರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ, ಸ್ವಂತ ಬಟ್ಟೆ ಚೀಲ ಕಟ್ಟಿಸಿ, ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿಸಿ. ಆ ಹಿಟ್ಟು ದನಕ್ಕೆ ಹಾಕಿ ಅಥವಾ ಬೇರೆಯವರಿಗೆ ಕೊಡಿ. ನಿಮ್ಮ ರಾಗಿ ಅದರ ನಂತರ. ಇದರಿಂದ ಬೆರಕೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಕೈಲಾದರೆ ಮನೆಯಲ್ಲಿಡುವ ಸಣ್ಣ ಹಿಟ್ಟಿನ ಯಂತ್ರವೇ ಒಳ್ಳೆಯದು, ಅದಕ್ಕೆ ಗೋಧಿ ಸೋಕಲೇಬಾರದು. ರಾಗಿಯನ್ನು ಕಾಳಾಗಿಯೇ ತಂದು, ಮೊರದಲ್ಲಿ ಕೇರಿ, ಗೋಧಿ ಕಾಳಿದ್ದರೆ ಆರಿಸಿ, ತೊಳೆದು ಒಣಗಿಸಿ. ಬಿಡಿ ಹಿಟ್ಟು ಕೊಳ್ಳಬೇಡಿ.

ಇಂಗು ಎರಡನೆಯದು, ಮನೆಮಂದಿ ಯಾರೂ ಅನುಮಾನಪಡದ ವಸ್ತು. ಅಂಗಡಿಯ ಇಂಗಿನಲ್ಲಿ ಇಂಗಿನ ಅಂಟಿನ ಜೊತೆ ಹಿಟ್ಟು ಬೆರೆತಿರುತ್ತದೆ, ಬಹಳಷ್ಟು ಸಲ ಅದು ಗೋಧಿ ಅಥವಾ ಮೈದಾ. ಗಟ್ಟಿ ಇಂಗಾದರೂ ಹಾಗೇ ಇರಬಹುದು. ಡಬ್ಬಿಯ ಪದಾರ್ಥಗಳ ಪಟ್ಟಿ ಓದಿ, ಅಕ್ಕಿಹಿಟ್ಟಿನದು ಸಿಕ್ಕರೆ ಸರಿ, ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆಯೇ ಸಾಕು. ಅಂಗಡಿಯ ಸಾರಿನ ಪುಡಿ, ಬಿಸಿಬೇಳೆಬಾತ್ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳಕ್ಕೂ ಇದೇ ಇಂಗು ಬೀಳುತ್ತದೆ. ಸಾರಿನ ಪುಡಿ ಮನೆಯಲ್ಲೇ ಮಾಡಿಕೊಳ್ಳಿ.

ಹೆಸರು ನೋಡಿ ಮೋಸಹೋಗುವುದು ಇನ್ನೊಂದು. ರಾಗಿ ಬಿಸ್ಕತ್ತು, ರಾಗಿ ಬ್ರೆಡ್, ರಾಗಿ ಶಾವಿಗೆಯಲ್ಲಿ ಮೈದಾ ಅಥವಾ ಗೋಧಿ ಇರುವುದೇ ಹೆಚ್ಚು. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಸರಿ. ಆದರೆ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ 'ಮಾಲ್ಟ್' ಎಂದರೆ ಬಾರ್ಲಿ. ಉರಿಮೂತ್ರಕ್ಕೆ, ಬಸುರಿಯ ಕಾಲೂತಕ್ಕೆ ಕೊಡುವ ಬಾರ್ಲಿ ಗಂಜಿಯೂ ಬೇಡ. ಇಡ್ಲಿ ರವೆ ಅಕ್ಕಿಯದು, ಚಿರೋಟಿ ರವೆ, ಬನ್ಸಿ ರವೆ ಗೋಧಿಯವು. ಜವೆಗೋಧಿ, ಹಳೇ ತಳಿಯ ಗೋಧಿ ತಿನ್ನಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ, ಗೋಬಿ ಮಂಚೂರಿಗೆ ಮೈದಾ ಬೇರೆ. ಓಟ್ಸ್ ಗೋಧಿಯೊಂದಿಗೆ ಬೆರಕೆಯಾಗಿರುತ್ತದೆ, ಮೊದಲ ವರ್ಷ ದೂರವಿಡಿ. ಪೊಟ್ಟಣದ ಮೇಲೆ 'ಗ್ಲುಟೆನ್ ಮುಕ್ತ' ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ.

ಮನೆಯಲ್ಲಿ ಉಳಿದವರು ಚಪಾತಿ ತಿನ್ನುವುದಾದರೆ ಜರಡಿ, ಲಟ್ಟಣಿಗೆ, ಮಣೆ, ಮುದ್ದೆ ಕೋಲು, ಗೀರು ಬಿದ್ದ ನಾನ್‌ಸ್ಟಿಕ್ ತವಾ ಬೇರೆ ಇರಲಿ; ಮರ ಮತ್ತು ಗೀರಿನಲ್ಲಿ ಸಿಕ್ಕಿದ ಹಿಟ್ಟು ತೊಳೆದರೂ ಹೋಗುವುದಿಲ್ಲ. ಸ್ಟೀಲ್ ಪಾತ್ರೆ ಚೆನ್ನಾಗಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಸಂಡಿಗೆ ಕರಿಯಬಾರದು.

ಚಪಾತಿ ಬದಲು ಅಕ್ಕಿರೊಟ್ಟಿ: 1 ಲೋಟ ನೀರು ಉಪ್ಪು ಹಾಕಿ ಕುದಿಸಿ, ಉರಿ ತಗ್ಗಿಸಿ 1 ಲೋಟ ಅಕ್ಕಿಹಿಟ್ಟು ಸುರಿದು ತಿರುವಿ, ಮುಚ್ಚಿ 5 ನಿಮಿಷ ಬಿಡಿ. ಬಿಸಿ ಇರುವಾಗಲೇ ಕೈಗೆ ನೀರು ಹಚ್ಚಿಕೊಂಡು ನಾದಬೇಕು. ಆರಿದ ಮೇಲೆ ನಾದಿದರೆ ಅಂಚು ಬಿರಿಯುತ್ತದೆ, ಯಾಕೆಂದರೆ ಇಲ್ಲಿ ಹಿಟ್ಟು ಹಿಡಿದಿಡುವುದು ಗ್ಲುಟೆನ್ ಅಲ್ಲ, ಬೆಂದ ಪಿಷ್ಟ. ಹೋಳಿಗೆಯ ಕಣಕಕ್ಕೂ ಇದೇ ಹಿಟ್ಟು. 1 ಟೀ ಚಮಚ ಇಸಬಗೋಲ್ ಸೇರಿಸಿ, ಬಾಳೆಎಲೆ ಮೇಲೆ ತಟ್ಟಿ.

ಹೊರಗೆ ತಿನ್ನಲೇಬೇಕಾದರೆ ತುಮಕೂರು ಕಡೆ ತಟ್ಟೆ ಇಡ್ಲಿ, ಕಾಯಿ ಚಟ್ನಿ ಒಳ್ಳೆಯ ಆಯ್ಕೆ. ಸಾಂಬಾರ್ ಬೇಡ, ಇಂಗಿನ ಕಾರಣಕ್ಕೆ. ದೋಸೆಯೂ ಬೇಡ, ಅದೇ ಕಾವಲಿ ಮೇಲೆ ರವೆ ದೋಸೆ, ಪರೋಟವೂ ಬೆಂದಿರುತ್ತವೆ. ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆಗೆ ಮೈದಾ ಅಥವಾ ರವೆ ಬೆರೆಸುತ್ತಾರೆ. ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯದು: ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ತೀರ್ಥ, ಬಾಳೆಹಣ್ಣು ತೆಗೆದುಕೊಳ್ಳಿ. ಮದುವೆಮನೆಯಲ್ಲಿ ಮುಜುಗರ ಬೇಡ, ಅಡುಗೆಯವರನ್ನು ಮುಂಚೆಯೇ ಕೇಳಿ: "ಅಣ್ಣಾ, ಗೋಧಿ, ಮೈದಾ, ರವೆ, ಇಂಗು ಯಾವುದಕ್ಕೆ ಹಾಕಿಲ್ಲ?"

ಮೊದಲ ಕೆಲವು ವಾರ ಹಾಲು ಜೀರ್ಣವಾಗದಿರಬಹುದು, ಕರುಳು ಚೇತರಿಸಿಕೊಂಡಂತೆ ಸರಿಹೋಗುತ್ತದೆ. ಅಲ್ಲಿವರೆಗೆ ಮಜ್ಜಿಗೆ, ಮೊಸರು ಸಾಕು. ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಹೆತ್ತವರು, ಒಡಹುಟ್ಟಿದವರು, ಮಕ್ಕಳಿಗೂ ಟಿಟಿಜಿ ಪರೀಕ್ಷೆ ಮಾಡಿಸಿ, ಕಾಯಿಲೆ ವಂಶದಲ್ಲಿ ಹರಿಯುತ್ತದೆ.

ನಿಮ್ಮ ಟಿಟಿಜಿಯನ್ನು 6 ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. ಅದು ಇಳಿಯುತ್ತಾ ಹೋಗಬೇಕು. ಇಳಿಯದಿದ್ದರೆ ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದಿಟ್ಟು, ಮಿಷನ್, ಇಂಗು, ಪುಡಿಗಳು, ಕರಿದ ಎಣ್ಣೆ, ನುಂಗುವ ಮಾತ್ರೆಗಳಲ್ಲಿನ ಪಿಷ್ಟ ಹೀಗೆ ಒಂದೊಂದನ್ನೇ ಪರಿಶೀಲಿಸಿ, ಆ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ.