ಓಡಿ ಹೋಗುತ್ತಿದ್ದ ಡಿ ಡ್ರೈವ್

"ಅಣ್ಣಾ, ಡಿ ಮತ್ತೆ ಓಡಿ ಹೋಯ್ತು!"

ಸಿದ್ದಾಪುರ ಕಡೆಯ ಕಾಫಿ ತೋಟದ ರೈಟರ್, ಅಂದ್ರೆ ಲೆಕ್ಕ ಬರೆಯೋನು, ಕಂಪ್ಯೂಟರ್ ರಿಪೇರಿ ಮಾಡೋ ನನಗೆ ಹೀಗೆ ಫೋನ್ ಮಾಡಿದ್ದು ಅದು ನಾಲ್ಕನೇ ಸಲ. ಅದೂ ಶನಿವಾರ, ಬಟವಾಡೆ ದಿನ. ಚೆಕ್‌ರೋಲ್, ಅಂದ್ರೆ ಆಳುಗಳ ಹಾಜರಿ-ಕೂಲಿ ಲೆಕ್ಕ, ಇರೋ ಡಿಸ್ಕಿನ ಅಕ್ಷರ ಡಿ ಆಗಿರಬೇಕು, ಲ್ಯಾಪ್‌ಟಾಪ್ ಅದಕ್ಕೆ ಕೊಟ್ಟಿರೋದು ಇ. ಆಳುಗಳು ಆಫೀಸಿನ ಮುಂದೆ ಕೊಡೆ ಹಿಡಿದು ನಿಂತಿದ್ದಾರೆ.

ಆ ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ ಕಿತ್ತು, ಆ ಜಾಗಕ್ಕೆ ಹಳೇ 500 ಜಿಬಿ ಹಾರ್ಡ್ ಡಿಸ್ಕನ್ನು ಕ್ಯಾಡಿ ಅನ್ನೋ ಚೌಕಟ್ಟಿನಲ್ಲಿ ಕೂರಿಸಿ, ವಿಂಡೋಸ್‌ಗೆ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿದ್ದು ನಾನೇ. ಹಾಗಾಗಿ ಬೈಗುಳವೂ ನನಗೇ. ಮೊದಲ ಸಲ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರ ಬದಲಿಸಿ ಬಂದೆ, ವಾರ ನಿಂತಿತು. ಎರಡನೇ ಸಲ ಕರೆಂಟ್ ಹೋಗಿ ಬಂದು ಹೀಗಾಗ್ತಿದೆ ಅಂತ ಬ್ಯಾಟರಿ ಬದಲಿಸಿದೆ. ಸುಮಾರು 2,200 ರೂಪಾಯಿ, ಕೇಳೋ ಮುಖ ಇರಲಿಲ್ಲ, ನನ್ನ ಕೈಯಿಂದಲೇ ಹೋಯ್ತು. ಮೂರನೇ ಸಲ ಫಾರ್ಮ್ಯಾಟ್. ಅಂಗಡಿಯವರೆಲ್ಲ ಹೇಳೋದು ಅದೊಂದೇ ಮದ್ದು. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. "ಆ ಡಬ್ಬ ಎಸೆಯೋಕೆ ಹೇಳು" ಅಂದ ಪಕ್ಕದ ಅಂಗಡಿಯವ.

ನಾಲ್ಕನೇ ಸಲ ತೋಟದಲ್ಲೇ ಕೂತು ನೋಡಿದೆ. ಬೆಳಿಗ್ಗೆ ಆನ್ ಮಾಡುವಾಗ ನೆಟ್ ಡಾಂಗಲ್ ಚುಚ್ಚಿಯೇ ಇತ್ತು. ವಿಂಡೋಸ್‌ಗೂ ಮೊದಲು ಬರೋ ಬಯೋಸ್ ಪರದೆಯಲ್ಲಿ ಕ್ಯಾಡಿ ಡಿಸ್ಕ್ ಕಾಣಲಿಲ್ಲ. ವಿಂಡೋಸ್ ಒಳಗೆ ಹೋದ ಮೇಲೆ ನೋಡಿದ್ರೆ ಸಿಡಿ ಡ್ರೈವ್ ಅಂತ ತೋರಿಸಿಕೊಳ್ಳೋ ಡಾಂಗಲ್ ಖಾಲಿ ಬಿದ್ದ ಡಿ ಮೇಲೆ ಕೂತಿತ್ತು. ಮುಂದಿನ ಸಲ ಡಿಸ್ಕ್ ಸಿಕ್ಕಿದಾಗ ಅದಕ್ಕೆ ಇ. ಕ್ಯಾಡಿ ಎಳೆದು ನೋಡಿದೆ: ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತೆ, ಇದೇನು ಮಹಾ!

ಪಿನ್ ಒರೆಸಿದೆ. ಕ್ಯಾಡಿ ಅಲುಗದಂತೆ ಅಡಿಗೆ ಒಂದು ವಸ್ತು ಇಟ್ಟೆ. ಏನು ಅನ್ನೋದು ನನ್ನ ಹತ್ತಿರವೇ ಇರಲಿ, ಅದೇ ನನ್ನ ಅನ್ನ. ಡಾಂಗಲ್ಲಿಗೆ ಎಸ್, ರೈಟರ್ ಪೆನ್‌ಡ್ರೈವಿಗೆ ಟಿ ಕೊಟ್ಟು, ಖಾಲಿಯಾದ ಡಿಯನ್ನು ಡಿಸ್ಕಿಗೆ ಕೊಟ್ಟೆ. ಬೇಡದ ಸಾಧನ ಎಲ್ಲ ಕಿತ್ತು, ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೌಂಟ್‌ವಾಲ್ ಸ್ಲ್ಯಾಶ್ ಆರ್ (mountvol /r) ಹೊಡೆದು, ಕಿತ್ತ ಸಾಧನಗಳ ಅಕ್ಷರಗಳ ಹಳೇ ನೆನಪು ತೊಳೆದದ್ದು ಅಕ್ಷರ ಕೊಡೋ ಮೊದಲೇ. ಆಮೇಲೆ ಹೊಡೆದರೆ ಕಿತ್ತಿಟ್ಟ ಡಾಂಗಲಿನ ಎಸ್ ಕೂಡ ಹೋಗುತ್ತೆ. ಒಮ್ಮೆ ಹೋಯ್ತು ಕೂಡ.

ನಡುವೆ ಸಬ್‌ಸ್ಟ್ ಕಮಾಂಡಿನಿಂದ ಇ ಯನ್ನೇ ಡಿ ಅಂತ ತೋರಿಸಿ ನೋಡಿದ್ದೆ. ರೀಸ್ಟಾರ್ಟ್ ಆದರೆ ಮಾಯ. ಚಟಕ್ಕೆ ನನ್ನ ಯಂತ್ರದಲ್ಲಿ ಒಂದು ಪಾರ್ಟಿಶನ್‌ಗೆ ಫ್ಲಾಪಿ ಕಾಲದ ಬಿ ಕೊಟ್ಟಿದ್ದೇನೆ, ಚೆನ್ನಾಗೇ ಓಡ್ತಿದೆ.

ಆರೇಳು ತಿಂಗಳಾಯ್ತು, ಕಾಫಿ ಕುಯ್ಲೂ ಮುಗೀತು, ರೈಟರ್ ಫೋನಿಲ್ಲ. ಚಾರ್ಜು 600 ತಗೊಂಡೆ. ಮೊನ್ನೆ ಪಕ್ಕದ ಅಂಗಡಿಯವನೇ ಒಂದು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು, "ಅದೇನೋ ಕ್ಯಾಡಿ ಅಡಿಗೆ ಇಡ್ತೀಯಂತಲ್ಲ?" ಅಂದ.