ಬಾಯಿಯ ಹಿಂದೆ 0.2 ಮಿ.ಮೀ.: ತೆಳು ಚಾಕು ಮಾಡಿದ ನನ್ನ ಅನುಭವ

ಅಡುಗೆ ಚಾಕುವಿನ ಬಾಯಿಯ, ಅಂದರೆ ಹರಿತದ ಅಂಚಿನ, ಹಿಂದೆ 0.2 ಮಿ.ಮೀ. ದಪ್ಪ ಮಾತ್ರ ಉಳಿಸಿದರೆ ಹಲ್ಲು ಬೀಳುತ್ತದೆ (ಅಂಚಿನಿಂದ ಚಕ್ಕೆ ಏಳುತ್ತದೆ), ಅರ್ಧ ಮಿ.ಮೀ. ಆದರೂ ಬೇಕು ಎಂದು ಕಸುಬಿನವರೇ ವಾದಿಸುತ್ತಿದ್ದರು. ಬೀಳಲಿಲ್ಲ. 52100 ಉಕ್ಕು (ಬೇರಿಂಗ್‌ಗೆ ಬಳಸುವ ಕ್ರೋಮಿಯಂ ಬೆರೆತ ಉಕ್ಕು), 210 ಮಿ.ಮೀ. ಅಲಗು, ಗಡಸುತನ ಸುಮಾರು 62 ರಾಕ್‌ವೆಲ್, ಮಸೆದ ಕೋನ ಬದಿಗೆ 12–13 ಡಿಗ್ರಿ. ದಿನವಿಡೀ ತರಕಾರಿ ಹೆಚ್ಚುವ ಕಡೆಯಲ್ಲೂ ಬಾಯಿ ನಿಂತಿದೆ. ಹಲ್ಲು ಬೀಳಿಸುವುದು ತೆಳುವಲ್ಲ, ಉಕ್ಕಿನೊಳಗಿನ ದಪ್ಪ ಕಣ (ಹರಳು).

ಕಣ ಸಣ್ಣದಾಗಲೆಂದು, ಬಡಿದ ಅಲಗನ್ನು 925 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಗಾಳಿಯಲ್ಲಿ ಆರಿಸುತ್ತೇನೆ. ಆಮೇಲೆ 780ರ ಆಸುಪಾಸಿನಲ್ಲಿ ಇನ್ನೆರಡು ಸುತ್ತು. ಅದೇ ಪಟ್ಟಿಯ ಒಂದು ತುಂಡನ್ನು ಜೊತೆಗೇ ಕಾಯಿಸಿ, ಎಣ್ಣೆಗೆ ಅದ್ದಿ, ಮುರಿದು ನೋಡಲೇಬೇಕು. ಮುರಿದ ಮುಖ ನಯವಾಗಿ ಬೂದು ಬಣ್ಣಕ್ಕಿದ್ದರೆ ಸರಿ. ಸಕ್ಕರೆಯಂತೆ ಮಿನುಗಿದರೆ ಸುತ್ತುಗಳನ್ನು ಮೊದಲಿಂದ ಮಾಡಬೇಕು. ಆಮೇಲೆ ಅಲಗನ್ನು ಗಟ್ಟಿಯಾಗಿಸಲು ಕಾಯಿಸಿ, ಅಯಸ್ಕಾಂತ ಹಿಡಿಯದ ಹೊತ್ತಿಗೆ ಎಣ್ಣೆಗೆ ಅದ್ದಿಬಿಡುವವರಿದ್ದಾರೆ. 52100ಗೆ ಅದು ಸಾಲದು. ಉಕ್ಕಿನೊಳಗಿನ ಕ್ರೋಮಿಯಂ ಕಾರ್ಬೈಡ್ (ಕ್ರೋಮಿಯಂ ಮತ್ತು ಇಂಗಾಲ ಸೇರಿದ ಗಟ್ಟಿ ಕಣ) ಕರಗಲು ಸಮಯ ಬೇಕು: 830 ಡಿಗ್ರಿಯಲ್ಲಿ ಹತ್ತು ನಿಮಿಷ ಹಿಡಿಯಬೇಕು. ಕುಲುಮೆಯಲ್ಲಿ ಕಣ್ಣಂದಾಜಿನಿಂದ ಇದು ಆಗದು, ವಿದ್ಯುತ್ ಕುಲುಮೆಯೇ ಬೇಕು. ಈ ಕೆಲಸದಲ್ಲಿ ನಾನು ಹಾಕಿದ ದೊಡ್ಡ ಹಣವೂ ಅದೇ.

ಎಣ್ಣೆ 50–60 ಡಿಗ್ರಿ ಬಿಸಿಯಿರಲಿ. ತಣ್ಣಗಿದ್ದರೆ ಮಂದವಾಗಿ, ಅಲಗಿನ ಶಾಖವನ್ನು ನಿಧಾನವಾಗಿ ಎಳೆಯುತ್ತದೆ. ಎಣ್ಣೆಯಿಂದ ಎತ್ತಿದಾಗ ಉಕ್ಕು ಸುಮಾರು 200 ಡಿಗ್ರಿಯಲ್ಲಿದ್ದರೆ ಇನ್ನೂ ಮಣಿಯುತ್ತದೆ. ಆಗಲೇ ಎರಡು ಅಲ್ಯೂಮಿನಿಯಂ ಹಲಗೆಗಳ ನಡುವೆ ಬಿಗಿಯಬೇಕು. ಟೆಂಪರಿಂಗ್ (ಗಟ್ಟಿಯಾದ ಉಕ್ಕನ್ನು ಹದವಾಗಿ ಕಾಯಿಸಿ ಪೆಡಸು ಇಳಿಸುವುದು) 175 ಡಿಗ್ರಿಯಲ್ಲಿ ಎರಡು ಸಲ, ಎರಡೆರಡು ಗಂಟೆ. ಟೆಂಪರಿಂಗ್ ಹೊತ್ತಿನಲ್ಲೇ ಉಳಿದ ಡೊಂಕನ್ನು ತೆಗೆಯುವ ನನ್ನದೊಂದು ಬಿಗಿತದ ಕ್ರಮವಿದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ತೆಳುಗೊಳಿಸುವುದೆಲ್ಲ ಇದಾದ ಮೇಲೆ. ಮೊದಲೇ ಉಜ್ಜಿ ತೆಳು ಮಾಡಿದ ಅಲಗುಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಎಣ್ಣೆಯಲ್ಲಿ ತಿರುಚಿ ಗುಜರಿಗೆ ಹೋಯಿತು, ಕೆಲವು ಬಾಯಿಯಲ್ಲಿ ಸೀಳಿದವು. ಈಗ ಅದ್ದುವ ಮುಂಚೆ ಬಾಯಿಯಲ್ಲಿ ಒಂದೂವರೆ ಮಿ.ಮೀ. ಬಿಡುತ್ತೇನೆ. ಗಟ್ಟಿಯಾದ ಉಕ್ಕನ್ನು ಉಜ್ಜುವ ಯಂತ್ರದ ಬೆಲ್ಟ್ ಖರ್ಚು ಉಕ್ಕಿನ ಬೆಲೆಯನ್ನೂ ಮೀರುತ್ತದೆ, ನಿಜ. ಆದರೆ ಹಳೇ ಬೆಲ್ಟಿನಲ್ಲಿ ಉಳಿಸಲು ಹೋದರೆ ಅದು ಕೊರೆಯುವುದಿಲ್ಲ, ಬರೀ ಕಾಯಿಸುತ್ತದೆ. ಬಾಯಿಯಲ್ಲಿ ಒಣಹುಲ್ಲಿನ ಬಣ್ಣ ಕಂಡಿತೆಂದರೆ ಅಲ್ಲಿ ಟೆಂಪರ್ ಇಳಿದು ಉಕ್ಕು ಮೆತ್ತಗಾಯಿತು ಎಂದೇ ಲೆಕ್ಕ. ಅಷ್ಟು ಭಾಗ ಉಜ್ಜಿ ತೆಗೆಯಬೇಕು, ಅಗಲ ಹೋಗುತ್ತದೆ. 36, 60, 120 ಗ್ರಿಟ್ಟಿನ (ಅಂಕಿ ಹೆಚ್ಚಿದಷ್ಟೂ ನಯ) ಹೊಸ ಸೆರಾಮಿಕ್ ಬೆಲ್ಟ್, ಬಿಸಿ ತಿಳಿಯಲು ಬರಿಗೈ, ಪ್ರತಿ ಎಳೆತಕ್ಕೂ ನೀರು.

ಬೆನ್ನಿನ ದಪ್ಪ ಹಿಡಿಯ ಬಳಿ 3.5, ನಡುವಿನಲ್ಲಿ 2, ತುದಿಗಿಂತ ಒಂದು ಸೆಂ.ಮೀ. ಹಿಂದೆ 0.7 ಮಿ.ಮೀ. ಆಸುಪಾಸು. ಬುಡದಲ್ಲಿ ಅಲಗಿನ ಅಗಲ 48 ಮಿ.ಮೀ. ಬಲಗೈಯವರಿಗೆ ಬಲ ಮುಖ ಚೂರು ಉಬ್ಬಿರಲಿ, ಎಡ ಮುಖ ಹೆಚ್ಚುಕಡಿಮೆ ಚಪ್ಪಟೆ. ಎರಡೂ ಮುಖ ಪೂರ್ತಿ ಚಪ್ಪಟೆಯಾದರೆ ಆಲೂಗಡ್ಡೆ ಬಿಲ್ಲೆಗಳು ಅಂಟಿ ಕೂರುತ್ತವೆ. ಉಬ್ಬು ಎಷ್ಟು ಎತ್ತರದಲ್ಲಿ ಶುರುವಾಗಬೇಕು ಎಂಬುದರಲ್ಲೇ ನನ್ನ ಚಾಕುವಿನ ಗುಟ್ಟಿದೆ. ಬೆನ್ನಿನ ಮೂಲೆಗಳನ್ನು ಉರುಟು ಮಾಡದೆ ಕೊಟ್ಟರೆ ತೋರುಬೆರಳ ಬುಡ ಒಂದೇ ದಿನಕ್ಕೆ ಕೆಂಪಾಗುತ್ತದೆ.

ನಡುವೆ 150 ಡಿಗ್ರಿಯ ಟೆಂಪರಿಂಗನ್ನೂ ಪರೀಕ್ಷಿಸಿದೆ. ಗಡಸುತನ 64 ರಾಕ್‌ವೆಲ್ ಹತ್ತಿರ ಬಂತು, ಹರಿತ ಇನ್ನಷ್ಟು ದಿನ ಉಳಿಯಿತು. ಆದರೆ ಮೂಳೆ ತಾಗಿದ್ದೇ ಹಲ್ಲು ಬಿತ್ತು. ಬರೀ ತರಕಾರಿ ಹೆಚ್ಚುವವರಿಗೆ ಮಾತ್ರ ಅದು.

ಸಂಶಯವಿದ್ದವರು 6 ಮಿ.ಮೀ. ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಒತ್ತಿ ಎಳೆದು ನೋಡಲಿ. ಬಾಗಿ ವಾಪಸು ಬರಬೇಕು. ಬಾಗಿದಲ್ಲೇ ನಿಂತರೆ ಮೆತ್ತಗಾಗಿದೆ, ಚಕ್ಕೆ ಎದ್ದರೆ ಕಣ ದಪ್ಪವೋ ಟೆಂಪರಿಂಗ್ ಕಡಿಮೆಯೋ ಆಗಿರುತ್ತದೆ. ಪಾಸಾದ ಮೇಲೆ 1000 ಮತ್ತು 3000 ಗ್ರಿಟ್ಟಿನ ಕಲ್ಲಿನಲ್ಲಿ ಮಸೆದರೆ ಸಾಕು. 8000ಕ್ಕೆ ಹೋದರೆ ಬಾಯಿ ಟೊಮ್ಯಾಟೊ ಸಿಪ್ಪೆಯ ಮೇಲೆ ಜಾರುತ್ತದೆ.