ಹಾಲಿನ ಮೇಕೆಮರಿಗೆ ತೂಕಕ್ಕಿಂತ ಮೊದಲು ಎಲುಬು

ಮರಿ ತಿಂಗಳಿಗೆ ಎಷ್ಟು ಕೆಜಿ ಬಂತು ಅಂತ ಮೇಕೆ ಸಾಕುವವರೆಲ್ಲ ಕೇಳುತ್ತಾರೆ. ಮಾಂಸಕ್ಕೆ ಮಾರುವ ಹೋತಮರಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಐದಾರು ಸೂಲು ಹಾಲು ಕೊಡಬೇಕಾದ ಹೆಣ್ಣುಮರಿಗೆ ಆ ಒಂದು ಲೆಕ್ಕ ಸಾಲದು. ಬಂದ ತೂಕದಲ್ಲಿ ಎಲುಬು ಎಷ್ಟು, ಮಾಂಸ ಎಷ್ಟು, ಕೊಬ್ಬು ಎಷ್ಟು, ಹೊಟ್ಟೆಯೊಳಗಿನ ಮೇವು ನೀರು ಎಷ್ಟು ಅಂತಲೂ ನೋಡಬೇಕು. ಮಧುಗಿರಿ ಕಡೆಯ ನಮ್ಮ ತೋಟದಲ್ಲಿ ಬೀಟಲ್ ಮತ್ತು ಸಾನೆನ್ ಮಿಶ್ರತಳಿಯ ಮೇಕೆಗಳನ್ನು ಹಾಲಿಗೆಂದೇ ಸಾಕುತ್ತಿದ್ದೇನೆ. ಮರಿಗಳನ್ನು ನಾನು ಬೆಳೆಸುವ ರೀತಿಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಹುಟ್ಟಿದ ಮರಿಯ ಮೈಯಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ನೀರೇ. ಕೊಬ್ಬು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಅದಕ್ಕೇ ಚಳಿಗೆ ಮರಿ ಬೇಗ ಸೋಲುತ್ತದೆ. ಗಿಣ್ಣು ಹಾಲನ್ನು ಹುಟ್ಟಿದ ಒಂದೆರಡು ಗಂಟೆಯೊಳಗೇ ಕುಡಿಸಬೇಕು ಅನ್ನುವುದಕ್ಕೆ ರೋಗನಿರೋಧಕ ಶಕ್ತಿ ಒಂದು ಕಾರಣವಾದರೆ, ಇದು ಇನ್ನೊಂದು. ಮರಿ ಬೆಳೆದಂತೆ ನೀರಿನ ಪಾಲು ಇಳಿಯುತ್ತದೆ, ಕೊಬ್ಬಿನ ಪಾಲು ಏರುತ್ತದೆ. ಈ ಬೆಳವಣಿಗೆಗೆ ಒಂದು ಸರದಿ ಇದೆ. ಮೊದಲು ಎಲುಬು ಜೋರಾಗಿ ಬೆಳೆಯುತ್ತದೆ, ಆಮೇಲೆ ಮಾಂಸ, ಕೊನೆಗೆ ಕೊಬ್ಬು. ಎಲುಬಿನ ಸರದಿಯಲ್ಲಿ ನಾವು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕೊಡದೇ ಹೋದರೆ, ಆಮೇಲೆ ಎಷ್ಟು ಹಿಂಡಿ ಹಾಕಿದರೂ ಅದು ಪೂರ್ತಿ ವಾಪಸ್ ಬರುವುದಿಲ್ಲ.

ಮೇಕೆಯ ಕೊಬ್ಬಿನದು ಇನ್ನೊಂದು ಗುಣ. ಕುರಿಗೆ ಚರ್ಮದ ಕೆಳಗೆ, ಬೆನ್ನ ಮೇಲೆ ಕೊಬ್ಬು ಕೂರುತ್ತದೆ, ಕೈಗೆ ಸಿಗುತ್ತದೆ. ಮೇಕೆ ಅದನ್ನು ಒಳಗೆ ಇಡುತ್ತದೆ. ಮೂತ್ರಪಿಂಡದ ಸುತ್ತ, ಕರುಳಿನ ಮೇಲಿನ ಬಲೆಯಂಥ ಪೊರೆಯಲ್ಲಿ. ಹಾಲಿನ ತಳಿಗಳಲ್ಲಂತೂ ಇದು ಇನ್ನೂ ಜಾಸ್ತಿ. ಹೊರಗಿನಿಂದ ನೋಡಿದರೆ ಬೆನ್ನು ಸೊಂಟ ಬಡಕಲು, ಒಳಗೆ ಕೊಬ್ಬು ತುಂಬಿರುತ್ತದೆ. "ಏನಣ್ಣಾ, ಮರಿ ಇಷ್ಟು ಸೊರಗಿದೆ, ಇನ್ನೆರಡು ಹಿಡಿ ಜೋಳ ಹಾಕಬಾರದಾ?" ಅಂತ ನೋಡಿದವರು ಕೇಳುತ್ತಾರೆ. ಬೆನ್ನು ನೋಡಿ ಹೇಳುವ ಮಾತು ಅದು.

ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಮ್ಮ ಕಡೆ ಗುಡ್ಡೆ ಬಾಡು ಹಾಕುತ್ತಾರೆ. ಆಗ ನಮ್ಮ ಹೋತಮರಿಗಳೂ ಹೋಗುತ್ತವೆ. ಕುಯ್ದು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಮೂತ್ರಪಿಂಡ ಕೊಬ್ಬಿನಲ್ಲಿ ಪೂರ್ತಿ ಮುಚ್ಚಿದೆಯಾ, ಅರ್ಧ ಕಾಣುತ್ತಿದೆಯಾ ಅಂತ ನೋಡುತ್ತೇನೆ. ಒಂದೇ ಅಪ್ಪನ ಮರಿಗಳಲ್ಲಿ ಜೋಳದ ನುಚ್ಚು ಜಾಸ್ತಿ ತಿಂದದ್ದಕ್ಕೂ ಸೊಪ್ಪು ಜಾಸ್ತಿ ತಿಂದದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ. ಮುಂಗಾಲಿನ ಎಲುಬನ್ನೂ ಕೈಯಲ್ಲಿ ಹಿಡಿದು ನೋಡುತ್ತೇನೆ, ಗೋಡೆ ದಪ್ಪ ಇದೆಯಾ, ಸುಲಭಕ್ಕೆ ಒಡೆಯಿತಾ ಅಂತ. ಸಂಶೋಧಕರು ಮರಿಯನ್ನು ಪೂರ್ತಿ ಅರೆದು ನೀರು, ಪ್ರೋಟೀನ್, ಕೊಬ್ಬು, ಬೂದಿ ಅಂತ ಬೇರೆ ಮಾಡಿ ಅಳೆಯುತ್ತಾರೆ. ಆ ಬೂದಿಯೇ ಖನಿಜ. ಹಳ್ಳಿಯಲ್ಲಿ ನಮಗೆ ಅಷ್ಟು ಆಗುವುದಿಲ್ಲ, ಆದರೆ ಕಣ್ಣಿಗೆ ಕಾಣುವುದನ್ನು ಬಿಡಬಾರದು. ಇಷ್ಟು ನೆನಪಿರಲಿ: ಒಂದೇ ಮೇವಿನಲ್ಲಿ ಹೋತಕ್ಕಿಂತ ಹೆಣ್ಣುಮರಿ ಬೇಗ ಕೊಬ್ಬುತ್ತದೆ. ಹೋತದೊಳಗೆ ಕಂಡದ್ದು ಹೆಣ್ಣಿನಲ್ಲಿ ಇನ್ನೂ ಹೆಚ್ಚೇ ಇರುತ್ತದೆ.

ಕೊಬ್ಬಿಗೆ ಖರ್ಚೂ ಜಾಸ್ತಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿಗೂ ಮೇಲೆ ಶಕ್ತಿ ಇರುತ್ತದೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ ಆದ್ದರಿಂದ ಒಂದು ಗ್ರಾಂಗೆ ಒಂದು ಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದಕ್ಕೇ ಎಳೆಮರಿ ತಿಂದದ್ದು ತಕ್ಷಣ ತೂಕವಾಗಿ ಕಾಣುತ್ತದೆ, ದೊಡ್ಡ ಮರಿಗೆ ಎರಡು ಪಟ್ಟು ಹಾಕಿದರೂ ಕಾಣುವುದಿಲ್ಲ. ಹಾಲಿಗೆ ಇಟ್ಟುಕೊಳ್ಳುವ ಮರಿಗೆ ಆ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬೆದೆಗೆ ಬರುವ ಮೊದಲೇ ಜಾಸ್ತಿ ಕೊಬ್ಬಿದರೆ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿಯ ಜಾಗದಲ್ಲಿ ಕೊಬ್ಬು ಕೂರುತ್ತದೆ ಅನ್ನುವುದು ಹಸುವಿನ ಕಡಸುಗಳಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ. ನಾನು ಮೇಕೆಗೂ ಅದೇ ಎಚ್ಚರ ಇಟ್ಟುಕೊಂಡಿದ್ದೇನೆ. ಮುಂದೆ ತುಂಬುಗಬ್ಬದಲ್ಲೂ ಒಳಗೊಬ್ಬು ಕಾಟ ಕೊಡುತ್ತದೆ. ಅವಳಿ ಮರಿ ಹೊತ್ತ ಕೊಬ್ಬಿದ ಮೇಕೆ ಕೊನೆಯ ವಾರಗಳಲ್ಲಿ ಮೇವು ಬಿಟ್ಟು ಮಲಗಿಬಿಡುವುದನ್ನು ಕಂಡವರಿಗೆ ಇದು ಗೊತ್ತು.

ಈಗ ಸುಣ್ಣದ ಲೆಕ್ಕಕ್ಕೆ ಬರೋಣ. ನನಗೆ ಮುಖ್ಯ ಅನಿಸುವುದು ಇದೇ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲೇ ಇರುತ್ತದೆ. ರಂಜಕ, ಅಂದರೆ ಫಾಸ್ಫರಸ್, ಸುಮಾರು 80 ಪಾಲು. ಬೆಳೆಯುವ ಮೇಕೆಮರಿ ಒಂದು ಕೆಜಿ ತೂಕ ಬರಬೇಕಾದರೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ, 6ರಿಂದ 7 ಗ್ರಾಂ ರಂಜಕ ಮೈಗೆ ಕೂರಬೇಕು. ದಿನಕ್ಕೆ 100 ಗ್ರಾಂ ಬೆಳೆಯುವ ಮರಿಗೆ ದಿನಕ್ಕೆ ಒಂದು ಗ್ರಾಂ ಕ್ಯಾಲ್ಸಿಯಂ ಎಲುಬಿಗೆ ಸೇರಬೇಕು ಅಂತಾಯಿತು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಮೈ ನಡೆಯುವುದಕ್ಕೂ ಒಂದಿಷ್ಟು ಬೇಕು. ಹಾಗಾಗಿ ಮೇವಿನಲ್ಲಿ 3 ಗ್ರಾಂ ಆದರೂ ಸಿಗುವ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಹಾಲು ಕುಡಿಯುವಾಗ ಚಿಂತೆ ಇಲ್ಲ. ಒಂದು ಲೀಟರ್ ಮೇಕೆ ಹಾಲಿನಲ್ಲಿ 1.2ರಿಂದ 1.3 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಮತ್ತು ಎಳೆಮರಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಹಾಲು ಬಿಡಿಸಿದ ಮೇಲೆ. ನಮ್ಮ ಕಡೆ ಸಾಮಾನ್ಯವಾಗಿ ಮರಿಗೆ ಹಾಕುವುದು ಮುಸುಕಿನ ಜೋಳದ ನುಚ್ಚು, ಗೋಧಿ ಬೂಸಾ. 200 ಗ್ರಾಂ ನುಚ್ಚು, 200 ಗ್ರಾಂ ಬೂಸಾ ಅಂದುಕೊಳ್ಳಿ. ಎರಡೂ ಸೇರಿ ಕ್ಯಾಲ್ಸಿಯಂ ಕಾಲು ಗ್ರಾಂ ಇರುತ್ತದೆ ಅಷ್ಟೇ. ರಂಜಕ ಮಾತ್ರ ಎರಡೂವರೆ ಗ್ರಾಂ ದಾಟುತ್ತದೆ. ಬೇಕಾದದ್ದು ರಂಜಕಕ್ಕಿಂತ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಟ್ಟು. ಸಿಕ್ಕಿದ್ದು ಅದರ ತಲೆಕೆಳಗು, ಹತ್ತಕ್ಕೆ ಒಂದು. ಮರಿ ದುಂಡಗೆ ಕಾಣುತ್ತದೆ, ಮುಂಗಾಲು ಮಾತ್ರ ನಿಧಾನಕ್ಕೆ ಸೊಟ್ಟ ಆಗುತ್ತದೆ.

ಹಾಲು ಬಿಡಿಸುವ ಮೊದಲೇ ಸೊಪ್ಪಿನ ರೂಢಿ ಮಾಡಿಸುವುದು ನನ್ನ ದಾರಿ. ಎರಡನೇ ವಾರದಿಂದಲೇ ಅಗಸೆ ಸೊಪ್ಪಿನ ಕಟ್ಟು ಮರಿಯ ಬಾಯಿ ಎತ್ತರಕ್ಕೆ ತೂಗುಹಾಕುತ್ತೇನೆ. ಎಳೆಮರಿಗೆ ನೆಲದ ಮೇಲಿನದಕ್ಕಿಂತ ತೂಗಾಡುವ ಸೊಪ್ಪು ಇಷ್ಟ. ಮೂರನೇ ತಿಂಗಳಿಗೆ ಹಾಲು ಬಿಡಿಸುವಷ್ಟರಲ್ಲಿ ಅಗಸೆ, ಬೇಲಿಮೆಂತೆ, ಕುದುರೆಮೆಂತೆ, ಸುಬಾಬುಲ್ ಎಲ್ಲ ಪರಿಚಯ ಆಗಿರುತ್ತದೆ. ಇಂಥ ದ್ವಿದಳ ಸೊಪ್ಪಿನ ಒಣತೂಕದಲ್ಲಿ ನೂರಕ್ಕೆ ಒಂದು ಪಾಲಿಗೂ ಮೇಲೆ ಕ್ಯಾಲ್ಸಿಯಂ ಇರುತ್ತದೆ. ಒಂದು ಕೆಜಿ ಹಸಿ ಸೊಪ್ಪು ತಿಂದರೆ ಎರಡು ಗ್ರಾಂಗೂ ಹೆಚ್ಚು ಸಿಕ್ಕಿತು. ಸುಬಾಬುಲ್ ಮಾತ್ರ ಮಿತವಾಗಿ, ಬೇರೆ ಸೊಪ್ಪಿನ ಜೊತೆಗೆ. ಅದರಲ್ಲಿರುವ ಮಿಮೋಸಿನ್ ಜಾಸ್ತಿಯಾದರೆ ಕೂದಲು ಉದುರುತ್ತದೆ.

ಒಣಹುಲ್ಲಿನಲ್ಲಿ ನಾನು ರಾಗಿ ಹುಲ್ಲನ್ನೇ ನಂಬಿದ್ದೇನೆ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಬಿಡುವುದಿಲ್ಲ. ಎಳೆಯ ನೇಪಿಯರ್ ಹುಲ್ಲಿನದೂ ಅದೇ ಕಥೆ. ಶೇಂಗಾ ಹೊಟ್ಟು, ಹುರುಳಿ ಹೊಟ್ಟು ಸಿಕ್ಕಿದಾಗ ಬಿಡುವುದಿಲ್ಲ.

ಕೈತಿಂಡಿಯನ್ನು ನಾನೇ ಕಲಸುತ್ತೇನೆ. ನುಚ್ಚು, ಬೂಸಾ, ಶೇಂಗಾ ಹಿಂಡಿ, ಸ್ವಲ್ಪ ರಾಗಿ. ಇದಕ್ಕೆ ನೂರು ಕೆಜಿಗೆ 2 ಕೆಜಿ ಖನಿಜ ಮಿಶ್ರಣ, 1 ಕೆಜಿ ಉಪ್ಪು. ಬೂಸಾ ಜಾಸ್ತಿ ಇರುವ ಕಲಸಿಗೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ಸೇರಿಸಿ ಅಂತ ಅಂಗಡಿಯವರು ಹೇಳುತ್ತಾರೆ. ನಾನು ಸೇರಿಸುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಜೊತೆ ರಂಜಕವೂ ಇದೆ, ಬೂಸಾದಲ್ಲಿ ರಂಜಕ ಆಗಲೇ ಸಾಕಷ್ಟಿದೆ. ಸುಣ್ಣಕಲ್ಲಿನ ಪುಡಿ ಇದಕ್ಕೆ ಸರಿ. ಅದು ಅಗ್ಗ, ನೂರಕ್ಕೆ 38 ಪಾಲು ಕ್ಯಾಲ್ಸಿಯಂ. ಮರಿಗೆ ದಿನಕ್ಕೆ 5 ಗ್ರಾಂ ಸಾಕು. ಅತಿಯಾಗಿ ಹಾಕಬೇಡಿ, ಸುಣ್ಣ ಜಾಸ್ತಿಯಾದರೆ ಸತು ಮೈಗೆ ಹತ್ತುವುದಿಲ್ಲ, ಚರ್ಮ ಒರಟಾಗಿ ಹೊಪ್ಪಳಿಕೆ ಏಳುತ್ತದೆ.

ಹೋತಮರಿ ಸಾಕುವವರು ಈ ಅನುಪಾತವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ರಂಜಕ ಜಾಸ್ತಿಯಾದರೆ ಹೋತಕ್ಕೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಅದರ ಮೂತ್ರನಾಳ ತೀರಾ ಸಣ್ಣದು. ಮರಿ ಬೆನ್ನು ಬಗ್ಗಿಸಿ ನಿಂತು ತಿಣುಕುತ್ತಿದ್ದರೆ ಸಂಜೆವರೆಗೆ ಕಾಯಬಾರದು, ತಕ್ಷಣ ಪಶುವೈದ್ಯರನ್ನು ಕರೆಯಿರಿ.

ತಾಮ್ರದ ವಿಷಯಕ್ಕೆ ಬಂದರೆ ಕುರಿ ಮೇಕೆ ಎರಡನ್ನೂ ಒಂದೇ ಕೊಟ್ಟಿಗೆಯಲ್ಲಿ ಸಾಕುವವರು ಹುಷಾರಾಗಿರಬೇಕು. ಮೇಕೆಗೆ ತಾಮ್ರ ಜಾಸ್ತಿ ಬೇಕು, ಕುರಿಗೆ ಅದೇ ವಿಷ. ಕುರಿಯ ಖನಿಜ ಮಿಶ್ರಣವನ್ನು ಮೇಕೆಗೆ ಹಾಕಿದರೆ ಕೂದಲಿನ ಬಣ್ಣ ಮಾಸುತ್ತದೆ. ಗಬ್ಬದ ಮೇಕೆಗೆ ತಾಮ್ರ ತೀರಾ ಕೊರತೆಯಾದರೆ ಹುಟ್ಟುವ ಮರಿ ಹಿಂಗಾಲು ಎಳೆಯುತ್ತದೆ. ಮೇಕೆಯದನ್ನು ಕುರಿಗೆ ಹಾಕಿದರೆ ಕುರಿ ಸತ್ತೇ ಹೋಗಬಹುದು. ನಾನು ಬಾನಿಗಳನ್ನೇ ಬೇರೆ ಮಾಡಿದ್ದೇನೆ. ಯಾವ ಊರಿನ ಮಣ್ಣು ಮೇವಿನಲ್ಲಿ ಯಾವ ಖನಿಜ ಕಡಿಮೆ ಅಂತ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯವರು ಕೆಲಸ ಮಾಡಿದ್ದಾರೆ. ಆಯಾ ಪ್ರದೇಶಕ್ಕೆ ಹೊಂದುವ ಮಿಶ್ರಣ ಅನ್ನುವ ವಿಚಾರ ನಮ್ಮಂಥವರಿಗೆ ತುಂಬ ಬೇಕಾದದ್ದು. ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಿ.

ನೀರನ್ನೂ ಮರೆಯಬಾರದು. ಪಾವಗಡ, ಸಿರಾ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದು ಹೋಗಿ ಕೂರುವುದೂ ಎಲುಬು ಹಲ್ಲಿನಲ್ಲೇ, ಅದೂ ಬೆಳೆಯುವ ವಯಸ್ಸಿನಲ್ಲಿ. ಹಲ್ಲು ಕಂದುಗಟ್ಟಿ ಬೇಗ ಸವೆದರೆ ಮೇಕೆ ಮೇವು ಅಗಿಯುವುದು ಹೇಗೆ? ನೀರನ್ನು ಪರೀಕ್ಷೆ ಮಾಡಿಸಿ. ಮನುಷ್ಯರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲಿನ ಮಿತಿ. ನಾನು ಎಳೆಮರಿಗಳಿಗೂ ಅದನ್ನೇ ಹಿಡಿದಿದ್ದೇನೆ, ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಮೊದಲು ಮರಿಗಳಿಗೆ ಕೊಡುತ್ತೇನೆ. ಮೇವಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡ್ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ.

ಇದೆಲ್ಲ ಕೊಟ್ಟರೂ ಬಿಸಿಲು ಕೊಡದಿದ್ದರೆ ಕೆಲಸ ಆಗುವುದಿಲ್ಲ. ಈಗ ಎಲ್ಲೆಲ್ಲೂ ಅಟ್ಟಣಿಗೆ ಕೊಟ್ಟಿಗೆ ಬಂದಿದೆ. ನೆಲ ಒಣಗಿರುತ್ತದೆ, ಒಳ್ಳೆಯದೇ. ಆದರೆ ಮರಿ ದಿನವಿಡೀ ಶೀಟಿನ ನೆರಳಲ್ಲೇ ಇದ್ದರೆ ವಿಟಮಿನ್ ಡಿ ಎಲ್ಲಿಂದ ಬರಬೇಕು? ಅದಿಲ್ಲದೆ ಸುಣ್ಣ ಎಲುಬಿಗೆ ಸೇರುವುದಿಲ್ಲ. ಬೆಳಗ್ಗೆ ಒಂದೆರಡು ಗಂಟೆ ಅಂಗಳಕ್ಕೆ ಬಿಡುತ್ತೇನೆ. ಕುಣಿಯುವುದು, ಕಲ್ಲು ಹತ್ತುವುದು ಎಲುಬನ್ನು ಗಟ್ಟಿ ಮಾಡುತ್ತದೆ. ಹಳೇ ಟೈರು, ದಿಂಡು ಹಾಕಿಟ್ಟರೆ ಸಾಕು.

ಅಳೆಯುವುದಕ್ಕೆ ನನ್ನ ಹತ್ತಿರ ಇರುವುದು ದರ್ಜಿಯ ಟೇಪು ಮತ್ತು ಕೈ. ಎದೆಸುತ್ತು, ಭುಜದಿಂದ ಪೃಷ್ಠದ ಎಲುಬಿನವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಹಿಡಿಯುತ್ತೇನೆ. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿಯಲ್ಲಿ ಅಂದಾಜು ತೂಕ ಬರುತ್ತದೆ. ಯಾವಾಗಲೂ ಬೆಳಗ್ಗೆ, ಮೇವು ನೀರಿಗೆ ಮೊದಲು. ಹಾಲು ಬಿಟ್ಟು ಹುಲ್ಲು ತಿನ್ನಲು ಶುರು ಮಾಡಿದ ಮರಿಯ ಹೊಟ್ಟೆ ದೊಡ್ಡದಾಗುತ್ತದೆ, ಒಳಗಿನ ಮೇವು ನೀರೇ ತೂಕದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಆಗಬಹುದು. ಅದನ್ನು ಬೆಳವಣಿಗೆ ಅಂತ ಎಣಿಸಿದರೆ ಲೆಕ್ಕವೇ ತಪ್ಪು. ಇದರ ಜೊತೆಗೆ ಭುಜದ ಎತ್ತರವನ್ನೂ ಗೋಡೆಯ ಗೆರೆಗೆ ನಿಲ್ಲಿಸಿ ಬರೆದಿಡುತ್ತೇನೆ. ತೂಕ ಏರಿ ಎತ್ತರ ನಿಂತುಹೋದರೆ ಕೊಬ್ಬು ಕೂರುತ್ತಿದೆ ಅಂತ ಅರ್ಥ. ಆಗ ನುಚ್ಚು ಇಳಿಸುತ್ತೇನೆ, ಸೊಪ್ಪು ಏರಿಸುತ್ತೇನೆ. ಎರಡೂ ನಿಂತಿದ್ದರೆ ಮೊದಲು ಕಣ್ಣಿನ ಒಳರೆಪ್ಪೆ ನೋಡುತ್ತೇನೆ. ಬಿಳಿಚಿದ್ದರೆ ಜಂತು.

ಕೈಯಲ್ಲಿ ನೋಡುವುದು ಎದೆಯ ಕೆಳಗೆ, ಮುಂಗಾಲುಗಳ ನಡುವೆ. ಅಲ್ಲಿನ ಕೊಬ್ಬಿನ ಪದರವನ್ನು ಹಿಡಿದು ಅಲ್ಲಾಡಿಸಿ. ತೆಳುವಾಗಿ ಸಿಕ್ಕರೆ ಸರಿ, ಮುಷ್ಟಿ ತುಂಬ ಸಿಕ್ಕರೆ ಒಳಗೂ ಜಾಸ್ತಿ. ಸೊಂಟದ ಎಲುಬಿನ ತುದಿಗಳನ್ನೂ ಮುಟ್ಟುತ್ತೇನೆ, ಆದರೆ ಮೇಕೆಯಲ್ಲಿ ಎದೆಯ ಕೆಳಗಿನದೇ ಹೆಚ್ಚು ನಂಬಿಕೆಯದು.

ಹೆಣ್ಣುಮರಿಗಳನ್ನು ಹಾಲು ಬಿಡಿಸುವವರೆಗೆ ದಿನಕ್ಕೆ 100ರಿಂದ 120 ಗ್ರಾಂ, ಆಮೇಲೆ 80ರಿಂದ 100 ಗ್ರಾಂ ಬೆಳೆಯುವ ಹಾಗೆ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ವೇಗ ನನಗೆ ಬೇಡ. ಹೋತಕ್ಕೆ ಬಿಡುವುದು ತಾಯಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟಿದ ಮೇಲೆ. ತಾಯಿ 45 ಕೆಜಿ ಇದ್ದರೆ ಮರಿ 30 ಕೆಜಿ ಆಗಬೇಕು, ಎತ್ತರವೂ ಬಂದಿರಬೇಕು. ಬೆದೆ ಅದಕ್ಕೂ ಮೊದಲೇ ಬರುತ್ತದೆ, ಬಂದರೂ ಕಾಯುತ್ತೇನೆ. ಈದ ಮೇಲಿನ ಮೊದಲ ವಾರಗಳಲ್ಲಿ ಎಷ್ಟು ತಿನ್ನಿಸಿದರೂ ಹಾಲಿಗೆ ಹೋಗುವ ಸುಣ್ಣ ಮೇವಿನಿಂದ ಪೂರ್ತಿ ಸಿಗುವುದಿಲ್ಲ, ಮೇಕೆ ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ. ಎಲುಬೇ ಅದರ ಕಣಜ. ಎರಡು ಲೀಟರ್ ಕರೆದರೆ ದಿನಕ್ಕೆ ಎರಡೂವರೆ ಗ್ರಾಂ ಹೊರಗೆ ಹೋಯಿತು. ಮೊದಲ ವರ್ಷ ಸರಿಯಾಗಿ ತುಂಬಿದ್ದರೆ ಮೇಕೆ ಇದನ್ನು ಸೂಲು ಸೂಲಿಗೂ ತಡೆದುಕೊಂಡು, ಹಾಲು ಇಳಿಯುವ ತಿಂಗಳುಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಹಾಲು ಕಡಿಮೆ ಆಯಿತು ಅಂತ ಖನಿಜ ಮಿಶ್ರಣ ನಿಲ್ಲಿಸುವವರು ಬಹಳ ಜನ. ದಯವಿಟ್ಟು ನಿಲ್ಲಿಸಬೇಡಿ.